ಬೆಳ್ಳುಳ್ಳಿ ಕಟ್ಟಿದ ಬೇಸಿಗೆ

ಆಗ ನನಗೆ ಅರವತ್ತಮೂರು. ಈಗ ಎಪ್ಪತ್ತು. ನಡುವೆ ಏಳು ಬೇಸಿಗೆ ಬಂದು ಹೋಗಿವೆ. ನಾನು ಹೇಳುವುದು ಮೊದಲನೆಯದರ ಮಾತು.

ಮೊನ್ನೆ ಮಾರೇನಹಳ್ಳಿಯ ಬಸ್ ಸ್ಟಾಪಿನಲ್ಲಿ ಕೂತಿದ್ದೆ. ಸ್ಕೂಟರಿನಲ್ಲಿ ಬಂದ ಒಬ್ಬ ಹೆಂಗಸು ಫೋನು ಬಂತೆಂದು ನಿಲ್ಲಿಸಿ, ಹೆಲ್ಮೆಟ್ ತೆಗೆದು ನನ್ನ ಪಕ್ಕದಲ್ಲಿ ಬೋರಲು ಮಾಡದೆ ಹಾಗೇ ಇಟ್ಟಳು. ಕಾದ ಸ್ಪಂಜು, ಹಳೆಯ ಬೆವರು, ಹಳಸಿದ ಕೊಬ್ಬರಿ ಎಣ್ಣೆ, ಮೂರೂ ಸೇರಿದ ವಾಸನೆ ಮೂಗಿಗೆ ಬಡಿಯಿತು. ಎದ್ದು ಆ ಕಡೆ ಹೋಗಿ ನಿಂತೆ.

"ಕೂತ್ಕೊಳ್ಳಿ ಅಜ್ಜಿ, ನಾನ್ ಈಗ ಹೊರಟೆ" ಅಂದಳು.

"ನಿಂತ್ರೆ ಕಾಲೇನ್ ಸವೆಯಲ್ಲ ಬಿಡಮ್ಮ" ಅಂದೆ.

ಆ ವಾಸನೆ ನಮ್ಮ ಮನೆಯ ಬಾಗಿಲ ಹಿಂದೆ, ಮೊಳೆಗೆ, ಒಂದು ಬೇಸಿಗೆ ಪೂರ್ತಿ ನೇತಾಡಿತ್ತು.

ನನ್ನ ಹೆಸರು ನಂಜಮ್ಮ. ಹೇರೋಹಳ್ಳಿಯವಳು. ಹೊಲ ಸೈಟಾಯಿತು, ಸೈಟು ಬೇರೆಯವರ ಮನೆಯಾಯಿತು, ನಮಗೆ ಎರಡು ರೂಮು ಮತ್ತು ಒಂದು ಬಚ್ಚಲು ಉಳಿಯಿತು. ಗಂಡ ಬೇಗ ಹೋದ. ನಾನು ಮಾಡಿಕೊಂಡು ಬಂದದ್ದು ಕೂಸುಗಳಿಗೂ ಬಾಣಂತಿಯರಿಗೂ ಎಣ್ಣೆ ಹಚ್ಚಿ ನೀರು ಹಾಕುವ ಕೆಲಸ. ರಾಜಾಜಿನಗರದಿಂದ ಕೆಂಗೇರಿಯವರೆಗೆ ನನ್ನ ಕೈ ಬೇಕು ಅಂತ ಕರೆಸಿಕೊಳ್ಳುತ್ತಿದ್ದರು. ಸೊಟ್ಟ ತಲೆಯ ಕೂಸನ್ನು ಮೂರು ತಿಂಗಳು ನೀವಿ ನೀವಿ ಗುಂಡಗೆ ಮಾಡಿ ಕೊಟ್ಟಿದ್ದೇನೆ. ಹೆತ್ತು ಕೂದಲುದುರಿದ ಹೆಂಗಸರಿಗೆ ಮತ್ತೆ ಜಡೆ ಬರಿಸಿದ್ದೇನೆ. ಹಾಗಾಗಿ ತಲೆಯ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಯಾರೂ ಇರಲಿಲ್ಲ. ಹೇಳಿದರೆ ಕೇಳುವ ಹೆಂಗಸೂ ನಾನಲ್ಲ.

ಮಗಳು ಗೀತಾ, ಒಬ್ಬಳೇ. ಮದುವೆಯಾಗಿ ಎರಡು ವರ್ಷಕ್ಕೆ ಒಂದು ಸೂಟ್‌ಕೇಸು ಹಿಡಿದುಕೊಂಡು ವಾಪಸು ಬಂದಳು. ಏನಾಯಿತು ಅಂತ ಬೀದಿಯವರೆಲ್ಲ ಕೇಳಿದರು, ನಾನು ಕೇಳಲಿಲ್ಲ. ಅವಳದು ಮೊದಲಿನಿಂದಲೂ ಬಾಯಿ ಬಿಗಿ. ಮುಖ ನೋಡಿ ಕೇಳಿದರೆ ಒಂದು ಅಕ್ಷರ ಉದುರುವುದಿಲ್ಲ. ಆದರೆ ಬಚ್ಚಲಲ್ಲಿ ಮಣೆ ಹಾಕಿ ಕೂರಿಸಿ, ನಾನು ಹಿಂದೆ ಕೂತು ನೆತ್ತಿಗೆ ಎಣ್ಣೆ ತಟ್ಟಲು ಶುರು ಮಾಡಿದರೆ ಸ್ವಲ್ಪ ಹೊತ್ತಿಗೆ ಮಾತು ತಾನಾಗಿ ಬರುತ್ತಿತ್ತು. ಚಿಕ್ಕ ಹುಡುಗಿಯಾಗಿದ್ದಾಗಿನಿಂದ ಹಾಗೇ. ಪರೀಕ್ಷೆಯಲ್ಲಿ ಫೇಲಾದದ್ದು ಹೇಳಿದ್ದು ಅಲ್ಲೇ. ಗಂಡ ಏನು ಮಾಡುತ್ತಿದ್ದ ಅನ್ನುವುದನ್ನು ಹೇಳಿದ್ದೂ ಅಲ್ಲೇ, ಮೂರು ಶುಕ್ರವಾರ, ಸ್ವಲ್ಪ ಸ್ವಲ್ಪವಾಗಿ, ಗೋಡೆ ಕಡೆ ಮುಖ ಮಾಡಿಕೊಂಡು. ನಾನು ಹೂಂ ಅನ್ನಲೂ ಇಲ್ಲ. ತಿಕ್ಕುತ್ತಾ ಇದ್ದೆ. ನಮ್ಮಿಬ್ಬರ ನಡುವೆ ಇದ್ದದ್ದು ಅಷ್ಟೇ. ಬೇರೆ ತಾಯಿ ಮಕ್ಕಳ ಥರ ತಬ್ಬಿಕೊಳ್ಳುವುದು, ಮುದ್ದು ಮಾಡುವುದು ನಮ್ಮಲ್ಲಿ ಇರಲಿಲ್ಲ.

ಅವಳಿಗೆ ರಕ್ತ ಪರೀಕ್ಷೆಯ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಮನೆ ಮನೆಗೆ ಹೋಗಿ ರಕ್ತ ತೆಗೆದುಕೊಂಡು ಬರುವ ಕೆಲಸ. ಸಕ್ಕರೆ ಕಾಯಿಲೆಯವರು ಖಾಲಿ ಹೊಟ್ಟೆಯಲ್ಲಿ ಕಾಯುತ್ತಿರುತ್ತಾರೆ, ಹಾಗಾಗಿ ಐದೂವರೆಗೆಲ್ಲ ಮನೆ ಬಿಡಬೇಕು. ಸ್ಕೂಟರಿನಲ್ಲಿ ಕಾಲಿಡುವ ಕಡೆ ಐಸಿನ ಡಬ್ಬ, ತಲೆಗೆ ಮುಖ ಪೂರ್ತಿ ಮುಚ್ಚುವ ಕರಿ ಹೆಲ್ಮೆಟ್. ಅನ್ನಪೂರ್ಣೇಶ್ವರಿ ನಗರ, ಆಮೇಲೆ ವಿಜಯನಗರ, ಆಮೇಲೆ ಬಸವೇಶ್ವರನಗರ. ದಿನಕ್ಕೆ ಇಪ್ಪತ್ತು ಮನೆ ಅಂದರೆ ಹೆಲ್ಮೆಟ್ ಇಪ್ಪತ್ತು ಸಲ ತೆಗೆದು ಇಪ್ಪತ್ತು ಸಲ ಹಾಕಬೇಕು. ಸೊಂಟ ದಾಟುವ ಕೂದಲು ಅವಳದು, ನಾನೇ ಬೆಳೆಸಿದ್ದು. ಗಂಟು ಮೇಲೆ ಇದ್ದರೆ ಹೆಲ್ಮೆಟ್ ಕೂರುವುದಿಲ್ಲ ಅಂತ ಕತ್ತಿನ ಹತ್ತಿರಕ್ಕೆ ಇಳಿಸಿ ಬಿಗಿಯಾಗಿ ಹಾಕಿಕೊಂಡು, ತಲೆ ತುರುಕಿಕೊಂಡು ಹೋಗುತ್ತಿದ್ದಳು.

ಆ ವರ್ಷ ಶಿವರಾತ್ರಿ ಕಳೆದ ಕೂಡಲೇ ಬಿಸಿಲು ಹತ್ತಿಕೊಂಡಿತು. ಯುಗಾದಿ ಹೊತ್ತಿಗೆ ಮಾಗಡಿ ರಸ್ತೆಯಲ್ಲಿ ನಿಂತರೆ ಚಪ್ಪಲಿ ಅಂಟುತ್ತಿತ್ತು. ಹೇರೋಹಳ್ಳಿಯ ರಸ್ತೆಯನ್ನು ಪೈಪು ಹಾಕಲು ಅಗೆದು ಹಾಗೇ ಬಿಟ್ಟಿದ್ದರು, ಕಣ್ಣು ಬಿಟ್ಟರೆ ಧೂಳು. ಗೀತಾ ಎರಡು ಗಂಟೆಗೆ ಬಂದು ಹೆಲ್ಮೆಟ್ ತೆಗೆದರೆ ಕೂದಲು ಹಿಂಡದ ಬಟ್ಟೆಯ ಹಾಗೆ ಹಣೆಗೆ ಅಂಟಿಕೊಂಡಿರುತ್ತಿತ್ತು.

"ಏನ್ ತುರಿಕೆ ಅಮ್ಮ. ಸಿಗ್ನಲ್ಲಲ್ಲಿ ನಿಂತಾಗ ಒಳಗೆ ಕೈ ಹಾಕಕ್ಕಾಗಲ್ಲ, ಹೆಲ್ಮೆಟ್ ಮೇಲೇ ಟಪಟಪ ಬಡ್ಕೋತೀನಿ. ಪಕ್ಕದ ಆಟೋದವ್ನು 'ಏನ್ ಮೇಡಂ, ಒಳಗೆ ಯಾರಾದ್ರೂ ಇದಾರಾ?' ಅಂತಾನೆ."

"ಉಷ್ಣ ಕಣೇ ಅದು. ಎಣ್ಣೆ ಸಾಲ್ತಿಲ್ಲ."

ಅವತ್ತಿನಿಂದ ದಿನಾ ಬೆಳಿಗ್ಗೆ ಅವಳು ಹೊರಡುವ ಮುಂಚೆ ಎಣ್ಣೆ ಬೆಚ್ಚಗೆ ಮಾಡಿ ನೆತ್ತಿಗೆ ಒಂದು ಅಂಗೈ ತಟ್ಟುತ್ತಿದ್ದೆ. ಶುಕ್ರವಾರ ಪೂರ್ತಿ ಸ್ನಾನ. ಭಾನುವಾರ ರಜಾ ಇರುತ್ತೆ, ಅವತ್ತು ಮಾಡ್ಕೋತೀನಿ ಅಂತ ಅವಳು ಒಂದು ಸಲ ಅಂದಳು. "ಹೆಣ್ಮಕ್ಳು ಭಾನುವಾರ ತಲೆಗೆ ಎಣ್ಣೆ ಹಚ್ಕೋತಾರೇನೇ?" ಅಂತ ಬೈದೆ. ಶುಕ್ರವಾರ ನಾಲ್ಕು ಗಂಟೆಗೇ ಎಬ್ಬಿಸಿ, ಎಣ್ಣೆ ಹಚ್ಚಿ, ಸೀಗೆಪುಡಿ ಹಾಕಿ ತಿಕ್ಕಿ ನೀರು ಹಾಕುತ್ತಿದ್ದೆ. ಅಷ್ಟುದ್ದ ಕೂದಲು ಒಂದು ಗಂಟೆಯಲ್ಲಿ ಎಲ್ಲಿ ಆರುತ್ತದೆ? ಒದ್ದೆ ತಲೆಗೇ ಹೆಲ್ಮೆಟ್ ಹಾಕಿಕೊಂಡು ಹೊರಡುತ್ತಿದ್ದಳು. ಮಧ್ಯಾಹ್ನದವರೆಗೆ ಒಳಗೆ ನೀರು, ಎಣ್ಣೆ, ಬೆವರು ಒಟ್ಟಿಗೆ ಬೇಯುತ್ತಿತ್ತು. ಇದನ್ನು ಈಗ ಹೇಳುತ್ತಿದ್ದೇನೆ. ಆಗ ಯಾರಾದರೂ ಹೇಳಿದ್ದರೆ ಅವರ ಬಾಯಿ ಮುಚ್ಚಿಸುತ್ತಿದ್ದೆ.

ಮುಚ್ಚಿಸಿದೆ ಕೂಡ. ತಲೆಯಲ್ಲಿ ಸಾಸಿವೆ ಕಾಳಿನಂಥ ಗುಳ್ಳೆ ಎದ್ದವು. ಒತ್ತಿದರೆ ಕೀವು. ಗೀತಾ ನನಗೆ ಹೇಳದೆ ವಿಜಯನಗರದಲ್ಲಿ ಚರ್ಮದ ಡಾಕ್ಟರಮ್ಮ ಒಬ್ಬರಿಗೆ ತೋರಿಸಿಕೊಂಡು ಬಂದಳು. ಕೈಯಲ್ಲಿ ಒಂದು ಶಾಂಪೂ ಬಾಟಲಿ.

"ಸದ್ಯಕ್ಕೆ ಎಣ್ಣೆ ಬೇಡ್ವಂತೆ ಅಮ್ಮ. ಒದ್ದೆ ತಲೆ ಮೇಲೆ ಹೆಲ್ಮೆಟ್ ಹಾಕ್ಲೇಬಾರ್ದಂತೆ. ತೆಳ್ಳಗಿರೋ ಕಾಟನ್ ಬಟ್ಟೆ ಕಟ್ಕೊಂಡು ಅದ್ರ ಮೇಲೆ ಹಾಕ್ಕೋಬೇಕಂತೆ, ಆ ಬಟ್ಟೆ ದಿನಾ ಒಗೀಬೇಕಂತೆ. ಒಳಗಿನ ಸ್ಪಂಜು ಬಿಚ್ಚಿ ವಾರಕ್ಕೊಂದ್ಸಲ ತೊಳೆದು ಒಣಗಿಸ್ಬೇಕಂತೆ. ಗಂಟೂ ಅಷ್ಟು ಬಿಗಿ ಬೇಡ ಅಂದ್ರು."

"ವಯಸ್ಸೆಷ್ಟು ಆ ಡಾಕ್ಟ್ರಮ್ಮಂಗೆ?"

"ನನ್ನಷ್ಟೇ ಇರ್ಬೇಕು."

"ಹಂಗಾದ್ರೆ ಅವಳ ತಲೆಗೂ ನಾನೇ ನೀರು ಹಾಕಿರ್ತೀನಿ ಬಿಡು."

ಗೀತಾ ನಕ್ಕಳು. ನಕ್ಕಳು ಅಂದರೆ ಒಪ್ಪಿದಳು ಅಂತ ತಿಳಿದೆ. ಅವಳು ಇಬ್ಬರ ಮಾತೂ ಕೇಳಿದಳು. ನನ್ನ ಹಳೆಯ ವಾಯಿಲ್ ಸೀರೆ ಹರಿದು ತಲೆಗೆ ಕಟ್ಟಲು ಬಟ್ಟೆ ಮಾಡಿಕೊಂಡಳು. ಭಾನುವಾರ ನಲ್ಲಿಯ ಮುಂದೆ ಕೂತು ಹೆಲ್ಮೆಟ್ಟಿನ ಹೊಟ್ಟೆ ಬಿಚ್ಚಿ ಸ್ಪಂಜು ತೊಳೆದಳು. ಬಂದ ನೀರು ಕಾಫಿ ಡಿಕಾಕ್ಷನ್ ಬಣ್ಣ. ನಾನು ಬೀದಿಗೆಲ್ಲ ಕೇಳುವ ಹಾಗೆ "ನೋಡ್ರಮ್ಮ, ಭಾನುವಾರ ಟೋಪಿಗೆ ಸ್ನಾನ" ಅಂದೆ. ಆದರೆ ಬೆಳಿಗ್ಗೆ ಬಟ್ಟಲು ಹಿಡಿದು ನಿಂತ ನನಗೆ ಬೇಡ ಅನ್ನಲು ಅವಳ ಕೈಲಾಗಲಿಲ್ಲ. "ಒಂಚೂರು ಹಚ್ಚಮ್ಮ, ಒಂದೇ ಚೂರು" ಅನ್ನುತ್ತಿದ್ದಳು. ಶುಕ್ರವಾರ ಬಂದರೆ ತಾನೇ ಬಂದು ಮಣೆಯ ಮೇಲೆ ಕೂರುತ್ತಿದ್ದಳು. ಅವಳು ಕೂತದ್ದು ಎಣ್ಣೆಗಲ್ಲ, ಹೇಳಿಕೊಳ್ಳಲು. ಅದು ನನಗೆ ಆಗ ತಿಳಿಯಲಿಲ್ಲ. ನನ್ನ ಕೈಗುಣಕ್ಕೆ ಅಂದುಕೊಂಡೆ.

ಬಸವೇಶ್ವರನಗರದ ಒಬ್ಬ ಮುದುಕರ ಸುದ್ದಿ ಹೇಳುತ್ತಿದ್ದಳು. ಬೇಕಿಲ್ಲದಿದ್ದರೂ ತಿಂಗಳಿಗೆ ಎರಡು ಸಲ ರಕ್ತ ತೆಗೆಸಿಕೊಳ್ಳುತ್ತಾರಂತೆ, ಮಾತಾಡಲು ಯಾರಾದರೂ ಬರಲಿ ಅಂತ. ಒಂದು ಶುಕ್ರವಾರ, ತಿಕ್ಕಿಸಿಕೊಳ್ಳುತ್ತಾ, "ಅಮ್ಮ, ಲ್ಯಾಬಲ್ಲಿ ಒಬ್ರು ಇದಾರೆ" ಅಂದಳು.

"ಯಾರೇ?"

"ಒಬ್ರು. ಮುಂದಿನ್ ವಾರ ಹೇಳ್ತೀನಿ ಬಿಡು."

ಕಿವಿ ಕೆಂಪಗಾಗಿತ್ತು. ಬಿಸಿ ನೀರಿಗಲ್ಲ. ನಾನು ಒತ್ತಾಯ ಮಾಡಲಿಲ್ಲ.

ಅದೇ ದಿನ ಸೀಗೆಪುಡಿ ತೊಳೆಯುವಾಗ ನನ್ನ ಬೆರಳಿಗೆ ನುಣ್ಣನೆಯ ಜಾಗ ಸಿಕ್ಕಿತು. ಕತ್ತಿನ ಮೇಲೆ, ಹೆಲ್ಮೆಟ್ಟಿನ ಅಂಚು ಗಂಟನ್ನು ಒತ್ತುವ ಕಡೆ. ಒಂದು ರೂಪಾಯಿ ಅಗಲ. ಒಂದು ಕೂದಲೂ ಇಲ್ಲ, ಕೂಸಿನ ಕೆನ್ನೆಯ ಹಾಗಿತ್ತು.

"ಹುಳ ತಿಂದಿದೆ" ಅಂದೆ.

ಅವಳು ಕೈ ಹಿಂದಕ್ಕೆ ತಂದು ಮುಟ್ಟಿ ನೋಡಿಕೊಂಡಳು. ಹೊರಡುವ ಹೊತ್ತಾಗಿತ್ತು, ಹೋದಳು.

ಹುಳ ತಿಂದ ಕಡೆ ಬೆಳ್ಳುಳ್ಳಿ ಉಜ್ಜುವುದು ನಮ್ಮ ಅತ್ತೆ ಮಾಡುತ್ತಿದ್ದ ಮದ್ದು. ನನ್ನ ಮೈದುನನ ಮೀಸೆಗೆ ಉಜ್ಜಿದ್ದಳು. ಒಂದು ಎಸಳನ್ನು ಅರ್ಧ ಮಾಡಿ, ಕೆಂಪಗಾಗುವ ತನಕ ಉಜ್ಜಿ, ತೊಳೆದುಬಿಡುತ್ತಿದ್ದಳು. ಅಷ್ಟೇ. ನನಗೆ ಅಷ್ಟು ಸಾಕಾಗಲಿಲ್ಲ. ಬೇಗ ಬರಲಿ ಅಂತ ಒಂದು ಗೆಡ್ಡೆ ಪೂರ್ತಿ ನುಣ್ಣಗೆ ಅರೆದು ಇಟ್ಟುಕೊಂಡೆ. ಮಧ್ಯಾಹ್ನ ಎರಡು ಗಂಟೆಗೆ ಅವಳು ಬಂದಳು. ಕರೆಂಟು ಇರಲಿಲ್ಲ.

"ನಾಳೆ ಡಾಕ್ಟ್ರಿಗೆ ತೋರಿಸ್ತೀನಿ ಅಮ್ಮ."

"ನಾಳೆ ಅನ್ನೋಷ್ಟ್ರಲ್ಲಿ ಇನ್ನೊಂದ್ ಕಡೆ ತಿನ್ನುತ್ತೆ. ಕೂತ್ಕೋ."

"ಊಟ ಮಾಡಿ..."

"ಕೂತ್ಕೊಳ್ಳೇ."

ಕೂತಳು. ಹಚ್ಚಿ, ಮೇಲೆ ವೀಳ್ಯದೆಲೆ ಇಟ್ಟು, ಬಟ್ಟೆ ಬಿಗಿದು ಕಟ್ಟಿದೆ. ಒಂದು ಗಳಿಗೆಗೆ ಅವಳ ಹೆಗಲು ಬಿಗಿಯಿತು.

"ಅಮ್ಮ, ಉರೀತಿದೆ."

"ಉರೀಬೇಕು. ಹುಳ ಸಾಯ್ತಿದೆ ಅಂತ."

"ತುಂಬಾ ಉರೀತಿದೆ ಅಮ್ಮ."

"ಇಷ್ಟು ದೊಡ್ಡೋಳಾಗಿ ಬೆಳ್ಳುಳ್ಳಿಗೆ ಅಳ್ತೀಯೇನೇ? ಮನೆಮನೆಗೆ ಹೋಗಿ ಸೂಜಿ ಚುಚ್ಚಿ ಬರ್ತೀಯ."

ಹಲ್ಲು ಕಚ್ಚಿಕೊಂಡಳು. ಸ್ವಲ್ಪ ಹೊತ್ತಿಗೆ ಉರಿ ಇಳಿಯಿತು ಅಂದಳು. ಉರಿ ಇಳಿದದ್ದಲ್ಲ, ಚರ್ಮ ಸತ್ತದ್ದು. ನನ್ನ ತೊಡೆಯ ಮೇಲೆ ಒರಗಿದವಳು ಹಾಗೇ ನಿದ್ದೆ ಹೋದಳು. ಬೆಳಗಿನ ನಾಲ್ಕು ಗಂಟೆಗೆ ಎದ್ದವಳು, ಇಪ್ಪತ್ತು ಮನೆ ಸುತ್ತಿ ಬಂದವಳು. ಅರ್ಧ ಗಂಟೆಗೆ ಬಿಚ್ಚಬೇಕು ಅಂತ ನಾನು ಅಂದುಕೊಂಡದ್ದು. ಎಬ್ಬಿಸಲು ಮನಸ್ಸು ಬರಲಿಲ್ಲ. ಮದುವೆಗೆ ಮುಂಚೆ ಯಾವಾಗಲೋ ಹಾಗೆ ಮಲಗಿದ್ದು. ಬೀಸಣಿಗೆ ತೆಗೆದುಕೊಂಡು ಗಾಳಿ ಹಾಕುತ್ತಾ ಕೂತೆ. ತೊಡೆ ಜೋಮು ಹಿಡಿಯಿತು, ಅಲ್ಲಾಡಲಿಲ್ಲ. ಬಾಗಿಲಿಗೆ ಸೊಪ್ಪಿನವಳು ಬಂದು ಕೂಗಿದಳು, ಕೈ ಬೀಸಿ ಕಳಿಸಿದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳಾಗಿ ಎದ್ದಳು. ಬಟ್ಟೆ ಬಿಚ್ಚಿದೆ. ವೀಳ್ಯದೆಲೆಯ ಜೊತೆ ಚರ್ಮವೂ ಬಂತು.

ಅವಳು ಕೂಗಾಡಲಿಲ್ಲ. ಗೋಡೆಯ ಕನ್ನಡಿಗೆ ಬೆನ್ನು ಮಾಡಿ, ಕೈಗನ್ನಡಿ ಹಿಡಿದು ನೋಡಿಕೊಂಡಳು. ಒಂದು ರೂಪಾಯಿ ಅಗಲ ಇದ್ದದ್ದು ಅರ್ಧ ಅಂಗೈ ಆಗಿತ್ತು. "ಪರ್ವಾಗಿಲ್ಲ ಬಿಡು" ಅಂದಳು. ಕೊಬ್ಬರಿ ಎಣ್ಣೆ ತರಲು ಎದ್ದೆ. "ಮುಟ್ಬೇಡ ಅಮ್ಮ" ಅಂದಳು. ಮೆಲ್ಲಗೇ ಅಂದಳು.

ಮಾರನೆಯ ದಿನ ಆ ಗಾಯದ ಮೇಲೇ ಬಟ್ಟೆ ಕಟ್ಟಿ, ಬಟ್ಟೆಯ ಮೇಲೆ ಹೆಲ್ಮೆಟ್ ಹಾಕಿಕೊಂಡು ಕೆಲಸಕ್ಕೆ ಹೋದಳು. ಡಾಕ್ಟರಿಗೆ ತೋರಿಸುವುದನ್ನು ಗಾಯ ಮಾಯಲಿ ಅಂತ ಮುಂದೆ ಹಾಕಿದಳು. ಹೆಲ್ಮೆಟ್ ಇಲ್ಲದೆ ಗಾಡಿ ಓಡಿಸುವ ಹಾಗಿಲ್ಲ, ಗಾಡಿ ಓಡಿಸದೆ ಕೆಲಸ ಇಲ್ಲ. ದಿನಾ ಮಧ್ಯಾಹ್ನ ಬಂದು ಅಂಟಿಕೊಂಡ ಬಟ್ಟೆಯನ್ನು ನೀರು ಚಿಮುಕಿಸಿ ಚಿಮುಕಿಸಿ ಬಿಡಿಸಿಕೊಳ್ಳುತ್ತಿದ್ದಳು. ನಾನು ಅಡುಗೆ ಮನೆಯಲ್ಲಿ ನಿಂತು ಪಾತ್ರೆ ಸದ್ದು ಮಾಡುತ್ತಿದ್ದೆ.

ಶುಕ್ರವಾರ ಬಂತು. ನಾಲ್ಕಕ್ಕೆ ಎದ್ದು ನೀರು ಕಾಯಿಸಿದೆ, ಮಣೆ ಹಾಕಿದೆ. ಅವಳು ಬಕೆಟ್ಟು ತೆಗೆದುಕೊಂಡು ಬಚ್ಚಲಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಆ ಬಚ್ಚಲಿಗೆ ಚಿಲಕ ಇದೆ ಅನ್ನುವುದೇ ನನಗೆ ಮರೆತಿತ್ತು. ಒಳಗೆ ಮಗ್ಗು ಬಕೆಟ್ಟಿಗೆ ತಾಗುವ ಸದ್ದು ಕೇಳುತ್ತಾ ಹೊರಗೆ ನಿಂತಿದ್ದೆ. ಲ್ಯಾಬಿನಲ್ಲಿ ಇದ್ದ ಆ ಒಬ್ಬರು ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಗೀತಾ ಈಗಲೂ ನನ್ನ ಜೊತೆಯಲ್ಲೇ ಇದ್ದಾಳೆ, ಅದೇ ಕೆಲಸಕ್ಕೆ ಹೋಗುತ್ತಾಳೆ. ನೀರು ಬಂತಾ, ಗ್ಯಾಸ್ ಬುಕ್ ಮಾಡಿದ್ಯಾ, ಇಷ್ಟು ಮಾತಾಡುತ್ತೇವೆ. ತಲೆ ಮತ್ತೆ ನನ್ನ ಕೈಗೆ ಸಿಕ್ಕಿಲ್ಲ.

ಮೊದಲ ಮಳೆ ಬಿದ್ದ ಮೇಲೆ ಗಾಯ ಒಣಗಿತು. ಡಾಕ್ಟರಮ್ಮನ ಹತ್ತಿರ ನಾನೂ ಬರುತ್ತೇನೆ ಅಂತ ಹಟ ಹಿಡಿದೆ. ಹಿಂದೆ ಕೂರುವವರಿಗೂ ಹೆಲ್ಮೆಟ್ ಬೇಕು ಅಂತ ಎಲ್ಲಿಂದಲೋ ಇನ್ನೊಂದು ತಂದು ಕೊಟ್ಟಳು. ಅವತ್ತೇ ಮೊದಲು ನಾನು ಹೆಲ್ಮೆಟ್ ಹಾಕಿದ್ದು. ಕಾದ ಹಂಡೆಯನ್ನು ತಲೆಯ ಮೇಲೆ ಕವುಚಿದ ಹಾಗಾಯಿತು. ಸುಂಕದಕಟ್ಟೆ ದಾಟುವಷ್ಟರಲ್ಲಿ ಬೆವರು ಕಿವಿಯ ಹಿಂದಿನಿಂದ ಕತ್ತಿಗೆ ಇಳಿಯಿತು. ತುರಿಸಿಕೊಳ್ಳಲು ಕೈ ಎತ್ತಿದರೆ ಪ್ಲಾಸ್ಟಿಕ್ಕು ಸಿಕ್ಕಿತು. ಇದನ್ನು ಹಾಕಿಕೊಂಡೇ ಇವಳು ದಿನವಿಡೀ ಇರುತ್ತಾಳೆ. ಒಂದು ಸಲ ಹಾಕಿ ನೋಡಬೇಕು ಅಂತಲೂ ನನಗೆ ಅನ್ನಿಸಿರಲಿಲ್ಲ.

ಡಾಕ್ಟರಮ್ಮ ಕೂದಲು ಸರಿಸಿ ದೀಪ ಹಿಡಿದು ನೋಡಿದರು.

"ಏನ್ ಹಚ್ಚಿದ್ರಿ ಇದಕ್ಕೆ?"

ಗೀತಾ ನನ್ನ ಕಡೆ ತಿರುಗಲಿಲ್ಲ. "ಬೆಳ್ಳುಳ್ಳಿ ಮೇಡಂ. ಫೋನಲ್ಲಿ ನೋಡಿ ನಾನೇ ಹಚ್ಕೊಂಡೆ."

"ಲ್ಯಾಬಲ್ಲಿ ಕೆಲಸ ಮಾಡೋರು ನೀವು. ಓದಿರೋರು. ಏನ್ರೀ ಇದು? ಹಿಂಗೆ ದುಂಡಗೆ ಉದುರಿದ್ದು ಸುಮಾರು ಜನಕ್ಕೆ ತಾನಾಗೇ ಬರುತ್ತೆ, ಮುಟ್ಟದೇ ಬಿಟ್ರೂ ಬರುತ್ತೆ. ಈಗ ನೋಡಿ, ಕೂದಲಿನ ಬೇರೇ ಸುಟ್ಟು ಹೋಗಿದೆ."

"ಬರಲ್ವಾ ಮೇಡಂ?"

"ಈ ಜಾಗದಲ್ಲಿ ಇನ್ನು ಬರಲ್ಲಮ್ಮ."

ಆಮೇಲೆ ನನ್ನ ಕಡೆ ನೋಡಿದರು. "ಅಜ್ಜಿ, ಹಿರಿಯರು ನೀವು ಮನೇಲಿದ್ರಲ್ಲ. ನೀವಾದ್ರೂ ಬೇಡ ಅನ್ಬಾರ್ದಿತ್ತಾ?"

"ಹೂಂ" ಅಂದೆ. ಅಷ್ಟೇ ಅಂದದ್ದು.

ವಾಪಸು ಬರುವಾಗ ಹಿಂದೆ ಕೂತು "ಗೀತಾ" ಅಂತ ಎರಡು ಸಲ ಕರೆದೆ. ಅವಳದೂ ಮುಚ್ಚಿದ ಹೆಲ್ಮೆಟ್, ನನ್ನದೂ ಮುಚ್ಚಿದ ಹೆಲ್ಮೆಟ್. ಮೂರನೆಯ ಸಲಕ್ಕೆ "ಏನಮ್ಮ?" ಅಂತ ಕೂಗಿದಳು. "ಏನಿಲ್ಲ, ನಿಧಾನ ಓಡ್ಸು" ಅಂದೆ. ಮನೆಗೆ ಬಂದು ಗಾಡಿ ನಿಲ್ಲಿಸಿ, "ಇನ್ಮೇಲೆ ತಲೆ ನಾನೇ ನೋಡ್ಕೋತೀನಿ ಅಮ್ಮ" ಅಂದಳು. ಕೋಪದಲ್ಲಿ ಅಂದಿದ್ದರೆ ಜಗಳ ಆಡಬಹುದಿತ್ತು.

ಸಂಜೆ ಅಕ್ಕಿ ಆರಿಸುವಾಗ ನನಗೆ ಇನ್ನೊಂದು ನೆನಪಾಗಿ ಕೈ ನಿಂತಿತು. ನಾನು ನೀರು ಹಾಕಿದ ಕೂಸುಗಳೆಲ್ಲ ಬೆಳೆದು ಗಾಡಿ ಓಡಿಸುತ್ತಿದ್ದವು. ಅವರ ಅಮ್ಮಂದಿರು ದಾರಿಯಲ್ಲಿ ನಿಲ್ಲಿಸಿ, ಹೆಲ್ಮೆಟ್ಟಿಗೆ ಕೂದಲು ಉದುರುತ್ತೆ ನಂಜಮ್ಮನೋರೆ, ಏನ್ ಮಾಡೋದು ಅಂತ ಕೇಳುತ್ತಿದ್ದರು. ಗೀತಾಳಿಗೆ ಕಟ್ಟುವುದಕ್ಕೆ ಒಂದು ವಾರ ಮುಂಚೆ ಮೂರು ಮನೆಯವರಿಗೆ ಇದೇ ಮದ್ದು ಹೇಳಿದ್ದೆ. ಉಜ್ಜಿದರೆ ಸಾಲದು, ಅರೆದು ಕಟ್ಟಿ ಅಂತ ನನ್ನ ಬುದ್ಧಿಯನ್ನೂ ಸೇರಿಸಿ ಹೇಳಿದ್ದೆ.

ಮಾರನೆಯ ಬೆಳಿಗ್ಗೆ ಗೀತಾ ಗಾಡಿ ತೆಗೆದ ಕೂಡಲೇ ಕಾಫಿಯನ್ನೂ ಕುಡಿಯದೆ ಹೊರಟೆ. ಮೊದಲು ನಮ್ಮ ಹಿಂದಿನ ಬೀದಿಯ ಜಯಮ್ಮ. ಬಾಗಿಲಿಗೆ ನೀರು ಹಾಕುತ್ತಿದ್ದಳು.

"ಜಯಮ್ಮ, ನಿನ್ ಮಗಂಗೆ ಬೆಳ್ಳುಳ್ಳಿ ಕಟ್ಬೇಡ. ನಾನ್ ನನ್ ಮಗಳ ತಲೆ ಸುಟ್ಬಿಟ್ಟೆ."

ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಮಗಳಿಗೆ ಹೇಳಿರಲಿಲ್ಲ, ಡಾಕ್ಟರಿಗೆ ಹೇಳಿರಲಿಲ್ಲ. ಜಯಮ್ಮನಿಗೆ ಹೇಳಿದೆ.

"ಅಯ್ಯೋ ಶಿವನೇ! ಗೀತಂಗಾ?" ಚೊಂಬು ಕೆಳಗಿಟ್ಟಳು. "ನಾವ್ ಕಟ್ಲೇ ಇಲ್ಲ ನಂಜಮ್ಮನೋರೆ. ಅವ್ನೆಲ್ಲಿ ಕೇಳ್ತಾನೆ? ಬೆಳ್ಳುಳ್ಳಿ ಅಂದ್ರೆ ಊಟದ ತಟ್ಟೆ ಬಿಟ್ಟು ಏಳ್ತಾನೆ."

ಎರಡನೆಯ ಮನೆಯವಳು ಅನ್ನಪೂರ್ಣೇಶ್ವರಿ ನಗರದಲ್ಲಿ. ನಾನು ಅಂಥದ್ದೊಂದು ಹೇಳಿದ್ದೇ ಅವಳಿಗೆ ನೆನಪಿರಲಿಲ್ಲ. "ಯಾವ್ ಬೆಳ್ಳುಳ್ಳಿ?" ಅಂತ ನನ್ನನ್ನೇ ಕೇಳಿದಳು. ಬಿಡಿಸಿ ಹೇಳಿದೆ. ಇಲ್ಲೂ ಮಗಳ ತಲೆ ಸುಟ್ಟೆ ಅಂದೆ.

ಮೂರನೆಯ ಮನೆ ಅಲ್ಲಿಂದ ಎರಡು ಕ್ರಾಸು. ಬ್ಯಾಂಕಿಗೆ ಹೋಗುವ ಹುಡುಗಿ, ಹೆಸರು ಚೈತ್ರಾ. ಹುಟ್ಟಿದ ಹನ್ನೊಂದನೆಯ ದಿನದಿಂದ ನಾನೇ ನೀರು ಹಾಕಿದವಳು. ಅವಳೇ ಬಾಗಿಲು ತೆಗೆದಳು. ಕೂದಲು ಕಿವಿಯ ಮೇಲಕ್ಕೆ ಕತ್ತರಿಸಿತ್ತು.

"ಅಮ್ಮ ಹೇಳಿದ್ರು ಅಜ್ಜಿ, ನೀವೇನೋ ಮದ್ದು ಹೇಳಿದ್ರಿ ಅಂತ. ಅದನ್ನೆಲ್ಲ ಯಾರು ಮಾಡ್ತಾರೆ ಅಂತ ಕಟ್ ಮಾಡಿಸ್ಬಿಟ್ಟೆ. ಈಗ ಹೆಲ್ಮೆಟ್ ಆರಾಮಾಗಿ ಕೂರುತ್ತೆ, ಐದು ನಿಮಿಷದಲ್ಲಿ ತಲೆ ಒಣಗುತ್ತೆ. ಮುಟ್ಟಿ ನೋಡಿ, ಎಷ್ಟು ಹಗುರ." ನಗುತ್ತಾ ತಲೆಯನ್ನು ನನ್ನ ಮುಂದೆ ಬಗ್ಗಿಸಿದಳು.

ನಾನು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೆ. "ಚೆನ್ನಾಗಿದೆ ಕಣಮ್ಮ" ಅಂದೆ. "ಯಾರು ಹೇಳಿದ್ರೂ ಬೆಳ್ಳುಳ್ಳಿ ಮಾತ್ರ ಹಚ್ಬೇಡ" ಅಂದೆ.

"ಇಲ್ಲ ಅಜ್ಜಿ, ಹಚ್ಚಲ್ಲ. ಕಾಫಿ ಕುಡ್ಕೊಂಡು ಹೋಗಿ."

ಬೇಡ ಅಂದು ಮೆಟ್ಟಿಲು ಇಳಿದೆ. ಮೂರು ಮನೆಯಲ್ಲಿ ಯಾರೂ ಹಚ್ಚಿರಲಿಲ್ಲ. ಇಡೀ ಏರಿಯಾದಲ್ಲಿ ನನ್ನ ಮಾತು ನಂಬಿ ತಲೆ ಕೊಟ್ಟವಳು ಗೀತಾ ಒಬ್ಬಳೇ.